ಹ್ಯಾರೊಬಿಯ ಪಟಕ್ಕೆ ಹಾರ

ನೀರಜಾಳಿಗೆ ಅನುಮಾನವೆಂಬುದು ಹೊಟ್ಟೆಪಾಡು. ಟೊರಾಂಟೋದ ಒಂದು ವಿಮಾ ಕಂಪನಿಯಲ್ಲಿ ಕ್ಲೇಮುಗಳ ನಿಜಸುಳ್ಳು ನೋಡುವ ಕೆಲಸ ಅವಳದು. ಕುತ್ತಿಗೆ ಅಲ್ಲಾಡಿಸಲಾರೆ ಎಂದು ಅರ್ಜಿ ಹಾಕಿದವನು ಮನೆಮುಂದಿನ ಹಿಮವನ್ನು ಸಲಿಕೆಯಲ್ಲಿ ಎತ್ತಿಹಾಕುತ್ತಿರುವ ಫೋಟೋ ಹುಡುಕಿ ತೆಗೆಯುವುದು, ಕಳುವಾಯಿತೆಂದ ಕಾರು ತಮ್ಮನ ಗ್ಯಾರೇಜಿನಲ್ಲಿ ಬೆಚ್ಚಗಿರುವುದನ್ನು ಪತ್ತೆ ಹಚ್ಚುವುದು, ಇಂಥವು. ಮೊಸರಿನಲ್ಲಿ ಕಲ್ಲು ಹುಡುಕುವ ಗುಣ ಮೈಸೂರಿನಲ್ಲಿದ್ದಾಗಲೇ ಇತ್ತು. ಕೆನಡಾ ಅದಕ್ಕೆ ಸಂಬಳ ಕೊಟ್ಟಿತು ಅಷ್ಟೆ. ಆಫೀಸಿನಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು, ಆದರೆ ಸಂಜೆ ಲ್ಯಾಪ್‌ಟಾಪು ಮುಚ್ಚಿದ ಮೇಲೂ ಆ ಬುದ್ಧಿ ಮುಚ್ಚುತ್ತಿರಲಿಲ್ಲ.

ಇಂಥ ಮಗಳ ಮನೆಯಲ್ಲಿದ್ದುಕೊಂಡು ಕೋಕಿಲಮ್ಮನವರು ಪ್ರತಿ ಬುಧವಾರ ಇಸ್ತ್ರಿಯಾದ ಸೀರೆ ಉಟ್ಟು, ಮೇಲೊಂದು ಕೋಟು ಏರಿಸಿ, ಒಬ್ಬರೇ ಬಸ್ಸು ಹತ್ತಿ ಹೊರಡಲು ಶುರುಮಾಡಿದರೆ ಏನಾಗಬೇಕೋ ಅದೇ ಆಯಿತು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಟೊರಾಂಟೋದ ಸ್ಕಾರ್‌ಬರೋಗೆ ಬಂದವರು ಅವರು. ಬಂದ ಹೊಸದರಲ್ಲಿ ಮೂಲೆಯ ತಮಿಳರ ಅಂಗಡಿಗೆ ಕರಿಬೇವು ತರಲು ಹೋಗಬೇಕಾದರೂ ಮಗಳು ಬೇಕು, ಇಲ್ಲವೇ ಅಳಿಯ ಬೇಕು. ಈಗ ನೋಡಿದರೆ ಬಸ್ಸಿನ ಡ್ರೈವರು ಹೆಸರು ಹಿಡಿದು ನಮಸ್ಕಾರ ಹೇಳುತ್ತಾನಂತೆ.

"ಎಲ್ಲಿಗಮ್ಮಾ?"

"ಲೈಬ್ರರಿಗೆ ಕಣೆ. ಪಿಚ್ಚರ್ ತೋರಿಸ್ತಾರೆ."

"ಯಾವ ಪಿಚ್ಚರ್?"

"ಹಳೇದು. ಇಂಗ್ಲೆಂಡಿಂದು. ನಗೋದು."

"ಯಾರ ಜೊತೆ ಕೂತ್ಕೊಂಡು ನೋಡ್ತೀಯ?"

"ಕುರ್ಚಿ ಎಲ್ಲಿ ಖಾಲಿ ಇರುತ್ತೋ ಅಲ್ಲಿ," ಎಂದು ಕೋಕಿಲಮ್ಮ ಬಾಗಿಲು ಎಳೆದುಕೊಂಡರು.

ಉತ್ತರ ನೆಟ್ಟಗಿಲ್ಲ ಎಂದು ನೀರಜಾಳ ಕಿವಿ ನಿಮಿರಿತು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಒಂದು ಹೆಸರು ಹೊರಬಿತ್ತು. ಡೆಸ್ಮಂಡ್ ಹ್ಯಾರೊಬಿ. ಎಂಬತ್ತು ದಾಟಿದ ಇಂಗ್ಲಿಷರ ಮುದುಕ. ಲೈಬ್ರರಿಯಲ್ಲಿ ಅಮ್ಮನ ಪಕ್ಕದ ಕುರ್ಚಿ ಅವನದು. ಒಂದು ಬುಧವಾರ ಪರದೆಯ ಮೇಲೆ ಸೂಪಿನ ಬಟ್ಟಲು ಹಿಡಿದ ಹೋಟೆಲಿನ ಮಾಣಿಯೊಬ್ಬ ಬಂದಾಗ ಈ ಮುದುಕ ಬಗ್ಗಿ ಮೆಲ್ಲಗೆ ಹೇಳಿದನಂತೆ, ಅದು ನಾನೇ ಎಂದು. ಅಲ್ಲಿಂದ ಪರಿಚಯ. ಲಂಡನ್ನಿನ ಹಾಸ್ಯಚಿತ್ರಗಳಲ್ಲಿ ವರ್ಷಾನುಗಟ್ಟಲೆ ಚಿಲ್ಲರೆ ಪಾತ್ರಗಳನ್ನು ಮಾಡಿದವನಂತೆ. ಮಾಣಿ, ಪಾದ್ರಿ, ಕಿವುಡ ಕರ್ನಲ್, ದೋಣಿಯ ಟಿಕೆಟು ಹರಿಯುವವನು. ಹೀರೋ ಜಾರಿ ಬೀಳುವಾಗ ಹಿಂದೆ ನಿಂತು ಗಾಬರಿಯಾಗುವ ಮುಖ ಇರುತ್ತದಲ್ಲ, ಅದು ಅವನದಂತೆ. ಪಿಚ್ಚರುಗಳು ನಿಂತ ಮೇಲೆ ಅಕ್ಕನ ಮನೆಗೆಂದು ಕೆನಡಾಕ್ಕೆ ಬಂದವನು ಅಕ್ಕ ಹೋದ ಮೇಲೂ ಇಲ್ಲೇ ಉಳಿದನಂತೆ.

ಇಷ್ಟೊಂದು 'ಅಂತೆ'ಗಳಿರುವ ಕ್ಲೇಮನ್ನು ನೀರಜಾ ತನ್ನ ಜನ್ಮದಲ್ಲಿ ಪಾಸು ಮಾಡಿದವಳಲ್ಲ.

ಆದರೂ ಅಲ್ಲಿಗೇ ನಿಂತಿದ್ದರೆ ಸುಮ್ಮನಿರುತ್ತಿದ್ದಳೋ ಏನೋ. ಯುಗಾದಿ ಕಳೆದ ಕೆಲವು ದಿನಕ್ಕೆ ಕೋಕಿಲಮ್ಮ ಚಪಾತಿ ಲಟ್ಟಿಸುತ್ತ, ಮುಖ ಎತ್ತದೆ, ನನ್ನ ಪಾಸ್‌ಪೋರ್ಟ್ ಸ್ವಲ್ಪ ತೆಗೆದುಕೊಡು ಅಂದರು. ಇಂಗ್ಲೆಂಡಿನಲ್ಲಿ ಸಮುದ್ರದ ದಡದ ಯಾವುದೋ ಊರು. ಅಲ್ಲಿನ ಹಳೇ ಚಿತ್ರಮಂದಿರದಲ್ಲಿ ಒಂದು ವಾರ ಹಳೇ ಹಾಸ್ಯಚಿತ್ರಗಳನ್ನು ತೋರಿಸುತ್ತಾರೆ. ಅದರಲ್ಲಿ ಪಾತ್ರ ಮಾಡಿದವರು ಯಾರು ಬದುಕಿದ್ದಾರೋ ಅವರನ್ನು ಕರೆದಿದ್ದಾರೆ. ಡೆಸ್ಮಂಡ್ ಅವರಿಗೆ ಒಬ್ಬರೇ ಹೋಗೋಕಾಗೋದಿಲ್ಲ, ಜೊತೆಗೆ ಹೋಗಿಬರ್ತೀನಿ.

ಮನೆಯವರೆಲ್ಲರ ಪಾಸ್‌ಪೋರ್ಟುಗಳೂ ನೀರಜಾಳ ಕಪಾಟಿನಲ್ಲೇ ಇದ್ದವು, ಎಲ್ಲಿವೆಯೆಂದು ಕಣ್ಣುಮುಚ್ಚಿ ಹೇಳಬಲ್ಲಳು. ಆದರೂ "ಹುಡುಕಿ ಕೊಡ್ತೀನಮ್ಮಾ" ಅಂದಳು. ಕೋಕಿಲಮ್ಮ ಮಗಳ ಮುಖವನ್ನೊಮ್ಮೆ ನೋಡಿ ಮತ್ತೆ ಲಟ್ಟಣಿಗೆ ಹಿಡಿದರು.

ಗಂಡ ಹರ್ಷ ಟೊರಾಂಟೋದಾಚೆಯ ಬೋಲ್ಟನ್‌ನ ಗೋದಾಮಿನ ಶಿಫ್ಟು ಮುಗಿಸಿ ಬಂದು ಶೂ ಬಿಚ್ಚುವ ಮೊದಲೇ ಅವಳು ಎಲ್ಲ ಒಪ್ಪಿಸಿದಳು. ಹರ್ಷ ಧಾರವಾಡದವನು, ನಿಧಾನಸ್ಥ.

"ಹೋಗ್ಲಿ ಬಿಡ. ಅತ್ತೀಗೂ ಒಂದೀಟು ಗಾಳಿ ಬದಲಾಗ್ತದ."

"ಯಾರ ಜೊತೆ ಅಂತ ಗೊತ್ತಾ ನಿನಗೆ? ಅಲ್ಲಿ ಹೋದಮೇಲೆ ಕೈಕೊಟ್ರೆ? ಅಮ್ಮನ್ನ ನಂಬಿಸೋದು ಎಷ್ಟು ಸುಲಭ ಅಂತ ನಿನಗೇ ಗೊತ್ತು."

"ಮುಪ್ಪಿನ ಮನಷ್ಯಾ. ಅಂವಾ ಏನ್ ಕೈ ಕೊಡ್ತಾನ, ಅಂವಗಽ ಯಾರರ ಕೈ ಹಿಡೀಬೇಕು," ಎಂದು ಹರ್ಷ ಸ್ನಾನಕ್ಕೆ ಹೋದ.

ಅವನಿಂದ ಏನೂ ಆಗದು ಎಂದು ಗೊತ್ತಾಗಿ ನೀರಜಾ ತಾನೇ ತನಿಖೆಗೆ ಕೂತಳು. ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಮಧ್ಯಾಹ್ನದ ಊಟದ ಹೊತ್ತು ಅದಕ್ಕೇ ಮೀಸಲಾಯಿತು. ಒಂದು ಕೈಯಲ್ಲಿ ಮೊಸರನ್ನ, ಕಿವಿಗೆ ಹೆಡ್‌ಫೋನು, ಎದುರಿಗೆ ಕಪ್ಪು ಬಿಳುಪಿನ ಇಂಗ್ಲೆಂಡು. ಹೆಸರೇನೋ ಇತ್ತು. ಪಾತ್ರವರ್ಗದ ಪಟ್ಟಿ ಓಡಿ ಓಡಿ ಕೊನೆಗೆ, ಕುದುರೆ ಸಾಕಿದವರ ಹೆಸರಿಗಿಂತ ಸ್ವಲ್ಪ ಮೇಲೆ, 'ಎರಡನೆಯ ಮಾಣಿ: ಡೆಸ್ಮಂಡ್ ಹ್ಯಾರೊಬಿ.' ಆದರೆ ಫೋಟೋ ಎಲ್ಲೂ ಇಲ್ಲ, ಊರಿಲ್ಲ, ಹುಟ್ಟಿದ ವರ್ಷವಿಲ್ಲ. ಬೇರೆಯವರ ಹೆಸರನ್ನು ಎತ್ತಿಹಾಕಿಕೊಳ್ಳುವವನು ಇಂಥ ಹೆಸರನ್ನೇ ಆರಿಸುತ್ತಾನೆ ಎಂದು ಅವಳಿಗೆ ಅನುಭವದಿಂದ ಗೊತ್ತಿತ್ತು. ದೊಡ್ಡ ಹೆಸರು ಕದ್ದರೆ ಸಿಕ್ಕಿಬೀಳುತ್ತಾರೆ.

ಮೇಲಾಗಿ ಪರದೆಯ ಮೇಲಿನ ಆ ಎರಡನೆಯ ಮಾಣಿಗೆ ಆಗಲೇ ಎಪ್ಪತ್ತಾದರೂ ಇರಬೇಕು. ಬೋಳುತಲೆ, ಜೋತ ಕೆನ್ನೆ, ನಡುಗುವ ಕೈ. ಲೆಕ್ಕ ಹಾಕಿದರೆ ಆ ಮನುಷ್ಯ ಈಗ ನೂರಮೂವತ್ತರ ಹತ್ತಿರ ಇರಬೇಕಾಯಿತು. ಇನ್ನೊಂದು ಪಿಚ್ಚರಿನಲ್ಲಿ ಅದೇ ಹೆಸರಿಗೆ ಗುಂಡು ಮೂಗಿನ ಪಾದ್ರಿ. ಮತ್ತೊಂದರಲ್ಲಿ ಗಿಣಿಮೂಗಿನ ಕರ್ನಲ್. ಮನುಷ್ಯನಿಗೆ ಎಷ್ಟು ಮೂಗುಗಳಿರಲು ಸಾಧ್ಯ? ಅವಳು ಚಿತ್ರ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ದೊಡ್ಡದು ಮಾಡಿ, ಕಿವಿಯ ಆಕಾರ ಹೋಲಿಸಿ ನೋಡಿದಳು. ಕಿವುಡ ಕರ್ನಲ್ ಮಾತು ಕೇಳಿಸದೆ ಪಕ್ಕದವಳ ಸೂಪಿನಲ್ಲಿ ತನ್ನ ಕನ್ನಡಕ ತೊಳೆಯುವ ದೃಶ್ಯವನ್ನಂತೂ ಐದಾರು ಸಲ ನೋಡಿರಬೇಕು. ಒಂದು ಸಲ ಮೊಸರನ್ನ ನೆತ್ತಿಗೇರಿತು. ನಗು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟಾಗಿ ಲ್ಯಾಪ್‌ಟಾಪು ಮುಚ್ಚಿದಳು.

"ನೂರಾ ಮೂವತ್ತ ವರ್ಷದ ಮನಷ್ಯಾ ಬಸ್ಸಿನ್ಯಾಗ ಅಡ್ಡಾಡತಾನಂದ್ರ ಅವಗೊಂದು ಸತ್ಕಾರ ಮಾಡಬೇಕಲಾ," ಅಂದ ಹರ್ಷ. ಅವನ ಜೊತೆ ಮಾತಾಡಿ ಪ್ರಯೋಜನವಿರಲಿಲ್ಲ.

ಅಷ್ಟರಲ್ಲಿ ಕೋಕಿಲಮ್ಮನಿಗೆ ನೆಗಡಿ ಬಂದು ಒಂದು ಬುಧವಾರ ತಪ್ಪಿತು. ಮಲಗಿದಲ್ಲಿಂದಲೇ ಅವರು, ಖಾರ ಕಮ್ಮಿ ಹಾಕಿ ಬಿಸಿಬೇಳೆ ಭಾತು ಮಾಡಿಟ್ಟಿದೀನಿ, ಡೆಸ್ಮಂಡ್ ಅವರಿಗೆ ಒಂದು ಡಬ್ಬಿ ಕೊಟ್ಟು ಬಾ, ಕಾಯ್ತಿರ್ತಾರೆ ಅಂದರು. ನೀರಜಾ ಮುಖ ಸಿಂಡರಿಸಿದಳು, ಒಳಗೊಳಗೇ ಹಿಗ್ಗಿದಳು. ಸ್ಥಳ ಪರಿಶೀಲನೆಗೆ ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗಬೇಕು?

ಹಳೆಯ ಕಟ್ಟಡ, ಮೇಲಿನ ಮಹಡಿ. ಬಾಗಿಲು ತೆರೆದವನು ಉದ್ದಕ್ಕೆ ಕಡ್ಡಿಯ ಹಾಗಿದ್ದ ಮುದುಕ. ಕಿವಿಯಲ್ಲಿ ಮಿಷಿನ್ನು. ತಲೆತುಂಬ ಬೆಳ್ಳನೆಯ ದಟ್ಟ ಕೂದಲು. ಬೋಳಾದ ತಲೆಯಲ್ಲಿ ಮುಪ್ಪಿನಲ್ಲಿ ಕೂದಲು ಬರುವ ಔಷಧಿ ಇದ್ದಿದ್ದರೆ ಹರ್ಷನೇ ಮೊದಲು ತಂದಿರುತ್ತಿದ್ದ. ನೀರಜಾ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಮುದುಕನಿಗೆ ಹಿಡಿಸಲಾರದ ಸಂತೋಷ. ಕೋಕಿಲಾ ಅವರ ಮಗಳೇ, ಬನ್ನಿ ಬನ್ನಿ, ಟೀ ಕುಡಿಯದೆ ಹೋಗುವಂತಿಲ್ಲ ಎಂದು ತನ್ನ ಸೊಗಸಾದ ಇಂಗ್ಲಿಷಿನಲ್ಲಿ ಹೇಳಿ ಅಡಿಗೆಮನೆಗೆ ನಡೆದ. ಒಬ್ಬಳೇ ಆದ ಕೂಡಲೇ ನೀರಜಾ ಸುತ್ತ ಕಣ್ಣಾಡಿಸಿದಳು, ಕಿಟಕಿಯ ಪಕ್ಕದ ಗೋಡೆಗೆ ಬಂದಾಗ ಕಣ್ಣು ಅಲ್ಲೇ ನಿಂತಿತು.

ಒಂದು ಪಟ. ಇಪ್ಪತ್ತೈದರ ಆಸುಪಾಸಿನ ಚೆಲುವ ಯುವಕ, ಗುಂಗುರು ಕೂದಲು, ಕೆಳಗೆ ಅಚ್ಚಿನ ಅಕ್ಷರದಲ್ಲಿ ಡೆಸ್ಮಂಡ್ ಹ್ಯಾರೊಬಿ. ಪಟಕ್ಕೆ ಗಂಧದ ಚಕ್ಕೆಯ ಹಾರ ಹಾಕಿತ್ತು, ನಡುವೆ ಜರಿಯ ಗೊಂಡೆ. ಮೈಸೂರಿನ ಅವರ ಮನೆಯ ನಡುಮನೆಯಲ್ಲಿ ಅಪ್ಪನ ಪಟಕ್ಕೆ ಹಾಕಿದ್ದಂಥದೇ.

ಹಾಗಾದರೆ ಡೆಸ್ಮಂಡ್ ಹ್ಯಾರೊಬಿ ತೀರಿಕೊಂಡಿದ್ದಾನೆ, ಅದೂ ಚಿಕ್ಕ ವಯಸ್ಸಿನಲ್ಲಿ. ಪಟದ ಮುಖಕ್ಕೂ ಅಡಿಗೆಮನೆಯಲ್ಲಿ ಟೀ ಕಪ್ಪುಗಳ ಸದ್ದು ಮಾಡುತ್ತಿದ್ದವನ ಮುಖಕ್ಕೂ ಹೋಲಿಕೆ ಇತ್ತೋ ಇಲ್ಲವೋ ಅವಳು ನೋಡಲೇ ಇಲ್ಲ. ಹಾರ ನೋಡಿದ ಮೇಲೆ ಮುಖ ನೋಡುವುದೇನಿದೆ? ಯಾರು ಅಂತ ಕೇಳುವುದೂ ಚೆನ್ನಲ್ಲ. ಹಾರವನ್ನು ಅಮ್ಮನೇ ಕೊಟ್ಟಿರಬೇಕು. ತೀರಿಕೊಂಡ ತಮ್ಮನೋ ಗೆಳೆಯನೋ ಎಂದು ಈ ಮುದುಕ ಕಾಗೆ ಹಾರಿಸಿ ಅಮ್ಮನ ಕೈಯಿಂದಲೇ ತರಿಸಿಕೊಂಡಿದ್ದಾನೆ. ಕನ್ನಡಕವಿಲ್ಲದೆ ಅಮ್ಮನಿಗೆ ಪಟದ ಕೆಳಗಿನ ಅಕ್ಷರ ಕಾಣುವುದಿಲ್ಲ. ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಅವಳಿಗೇ ಮೈ ಜುಂ ಎಂದಿತು. ಪಾಪ, ಬಾಳಿ ಬದುಕಬೇಕಾದ ಹುಡುಗ ಎಂದು ಅಭ್ಯಾಸಬಲದಿಂದ ಪಟಕ್ಕೆ ಕೈ ಕೂಡ ಮುಗಿದಳು.

ಟ್ರೇ ಹಿಡಿದು ಬಂದ ಮುದುಕ ಅದನ್ನು ನೋಡಿಬಿಟ್ಟ. ಗಾಬರಿಯಾಗುವುದು ಬಿಟ್ಟು ಕೆನ್ನೆ ಕೆಂಪಗೆ ಮಾಡಿಕೊಂಡು, ಇಷ್ಟೊಂದು ಗೌರವ ನನಗೆ ಅಭ್ಯಾಸವಿಲ್ಲ ಅಂದ. ಅವನ ಭಂಡತನಕ್ಕೆ ನೀರಜಾ ದಂಗಾದಳು. ಟೀಯನ್ನು ಮುಟ್ಟಿದ ಶಾಸ್ತ್ರ ಮಾಡಿ, ಭಾನುವಾರ ನಮ್ಮನೆಗೆ ಊಟಕ್ಕೆ ಬರಲೇಬೇಕು ಎಂದು ಕರೆದು ಬಂದಳು.

ಕೋಕಿಲಮ್ಮನಿಗೆ ಈ ವಿಷಯ ಕೇಳಿ ನೆಗಡಿಯೇ ಬಿಟ್ಟುಹೋಯಿತು. "ನೀನಾಗೇ ಕರೆದೆಯಾ?" ಎಂದು ಎರಡು ಸಲ ಕೇಳಿದರು. ಕಡಲೆಬೇಳೆ ನೆನೆಸಿದರು, ಹೋಳಿಗೆಗೆ ಕಣಕ ಕಲೆಸಿದರು. ಅಮ್ಮನ ಆ ಸಡಗರ ನೋಡಿ ಕರೆದದ್ದೇ ತಪ್ಪಾಯಿತೇನೋ ಎಂದು ನೀರಜಾಳಿಗೆ ಅನ್ನಿಸಿತು. ಆದರೆ ಇದು ಅಮ್ಮನ ಒಳ್ಳೆಯದಕ್ಕೇ ಎಂದು ಮನಸ್ಸು ಗಟ್ಟಿಮಾಡಿಕೊಂಡಳು. ಇಂಗ್ಲೆಂಡಿನ ಯಾವುದೋ ಊರಲ್ಲಿ ಅಮ್ಮ ಪೆಟ್ಟಿಗೆ ಹಿಡಿದು ದಿಕ್ಕಿಲ್ಲದೆ ನಿಂತಿರುವ ಚಿತ್ರ ಅವಳ ತಲೆಯಿಂದ ಹೋಗುತ್ತಿರಲಿಲ್ಲ.

"ಊಟಕ್ಕ ಕರದು ಪಂಚನಾಮಿ ಮಾಡಾಕಿ ಏನ ನೀನು?" ಅಂದ ಹರ್ಷ. "ಅತ್ತೀನ್ನ ಕೇಳಬಾರ್ದ ಒಂದ್ಸಲ?"

"ಅಮ್ಮನ್ನ ಕೇಳಿದ್ರೆ ಅವನು ಹೇಳಿಕೊಟ್ಟಿದ್ದನ್ನೇ ಹೇಳ್ತಾಳೆ."

ಭಾನುವಾರ ಮುದುಕ ಟೈ ಕಟ್ಟಿಕೊಂಡು, ಹೂವಿನ ಕುಂಡ ಹಿಡಿದುಕೊಂಡು ಬಂದ. ಹೋಳಿಗೆಯ ಮೇಲೆ ಕೋಕಿಲಮ್ಮ ತುಪ್ಪ ಬಿಡುವವರೆಗೂ ನೀರಜಾ ತಡೆದಳು. ಆಮೇಲೆ ಅವನು ಇಂಗ್ಲೆಂಡಿನ ಸಮುದ್ರದ ಗಾಳಿಯ ಮಾತು ತೆಗೆದಾಗ ತಡೆಯಲಾಗಲಿಲ್ಲ.

"ಮಿಸ್ಟರ್ ಹ್ಯಾರೊಬಿ," ಎಂದು ಇಂಗ್ಲಿಷಿನಲ್ಲಿ, ಆಫೀಸಿನ ದನಿಯಲ್ಲಿ ಶುರುಮಾಡಿದಳು, "ನಿಮ್ಮ ನಿಜವಾದ ಹೆಸರೇನು?"

ಮುದುಕ ಕಿವಿಯ ಮಿಷಿನ್ನು ತಿರುಗಿಸಿಕೊಂಡ. ಅವಳು ಒಂದೊಂದಾಗಿ ಮುಂದಿಟ್ಟಳು. ಪರದೆಯ ಮೇಲಿನವನು ಬೋಳು, ನಿಮಗೆ ತಲೆತುಂಬ ಕೂದಲು. ಅವನು ಆಗಲೇ ಹಣ್ಣುಮುದುಕ, ನೀವು ಆಗ ಹುಡುಗರು. ಪಿಚ್ಚರಿಗೊಂದು ಮೂಗು. ದೋಣಿಯ ಟಿಕೆಟಿನವನ ಕಿವಿ ಬೇರೆ, ಪಾದ್ರಿಯ ಕಿವಿ ಬೇರೆ. ಡೆಸ್ಮಂಡ್ ಹ್ಯಾರೊಬಿ ಎಂಬ ಹುಡುಗ ತೀರಿಕೊಂಡಿದ್ದಾನೆ. ನಿಮ್ಮ ಮನೆಯಲ್ಲೇ ಅವನ ಪಟಕ್ಕೆ ಹಾರ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹರ್ಷ ತಟ್ಟೆ ನೋಡುತ್ತ ಕೂತ. ಮುದುಕನ ಮುಖದಲ್ಲಿ ಹಾರದ ಮಾತು ಮಾತ್ರ ಅರ್ಥವಾಗದ ಗೊಂದಲವಿತ್ತು. ಕೋಕಿಲಮ್ಮ ತುಪ್ಪದ ಮಿಳ್ಳೆಯನ್ನು ಮೇಜಿನ ಮೇಲಿಟ್ಟರು.

"ಆ ಹಾರ ನಾನು ಹಾಕಿದ್ದು ಕಣೆ. ಅವರ ಕೊರಳಿಗೆ. ಯುಗಾದಿಗೆ ಇಲ್ಲಿನ ನಮ್ಮ ಕನ್ನಡ ಹಿರಿಯರ ಬಳಗದಲ್ಲಿ ಅವರಿಗೆ ಸನ್ಮಾನ ಮಾಡಿದ್ವಿ. ಶಾಲು ಹೊದಿಸಿ, ಹಣ್ಣು ಕೊಟ್ಟು, ಗಂಧದ ಹಾರ ಹಾಕಿ. ಅವರು ಮನೆಗೆ ತಗೊಂಡು ಹೋಗಿ ತಮ್ಮ ಫೋಟೋಗೇ ಹಾಕ್ಕೊಂಡಿರಬೇಕು. ನಮ್ಮಲ್ಲಿ ಪಟಕ್ಕೆ ಹಾರ ಹಾಕಿದ್ರೆ ಏನರ್ಥ ಅಂತ ಅವರಿಗೇನು ಗೊತ್ತು?"

ಆಮೇಲೆ ಮುದುಕನ ಕಡೆ ತಿರುಗಿ ತಮ್ಮ ಅಳತೆಯ ಇಂಗ್ಲಿಷಿನಲ್ಲಿ ಅದನ್ನು ವಿವರಿಸಿದರು. ಹಾರ ಕೊರಳಲ್ಲಿದ್ದರೆ ಮರ್ಯಾದೆ, ಪಟದ ಮೇಲಿದ್ದರೆ ಮನುಷ್ಯ ಹೋದ ಅಂತ. ಮುದುಕನ ಭುಜ ಕುಲುಕತೊಡಗಿತು, ಉದ್ದನೆಯ ಮೈಯೆಲ್ಲ ಕುಲುಕಿತು. "ಅಂದರೆ ಯುಗಾದಿಯಿಂದ ನಾನು ನನ್ನ ಶವದ ಎದುರೇ ಬೆಳಗಿನ ತಿಂಡಿ ತಿನ್ನುತ್ತಿದ್ದೇನೆ," ಅಂದ. ಹರ್ಷ ಉಕ್ಕಿ ಬಂದ ನಗುವನ್ನು ಕೆಮ್ಮು ಮಾಡಿದ.

ಉಳಿದದ್ದೆಲ್ಲ ಅವನೇ ಹೇಳಿದ. ಆ ಕಾಲದಲ್ಲಿ ಮುಖ ಚೆನ್ನಾಗಿದ್ದರೂ ಅವನಿಗೆ ಹೀರೋ ಪಾತ್ರ ಯಾರೂ ಕೊಡಲಿಲ್ಲ. ಬೆನ್ನು ಸ್ವಲ್ಪ ಬಗ್ಗಿತ್ತು, ದನಿ ನಡುಗುತ್ತಿತ್ತು, ಹಾಗಾಗಿ ತಲೆಗೆ ರಬ್ಬರಿನ ಬೋಳು ಏರಿಸಿ, ಮೂಗಿಗೂ ಕಿವಿಗೂ ಮೇಣ ಮೆತ್ತಿ ಅಜ್ಜನನ್ನಾಗಿ ಮಾಡಿದರು. ಇಪ್ಪತ್ತನಾಲ್ಕಕ್ಕೇ ಮುದುಕನಾದವನು ಮತ್ತೆ ಹುಡುಗನಾಗಲೇ ಇಲ್ಲ. ಗೋಡೆಯ ಮೇಲಿನದು ಕೆಲಸ ಕೇಳಲು ತೆಗೆಸಿದ್ದ ಪಟ, ಆ ಮುಖವನ್ನು ಯಾವ ಪಿಚ್ಚರಿನಲ್ಲೂ ಯಾರೂ ತೋರಿಸಲಿಲ್ಲ.

"ನಿನ್ನ ಸೋದರಮಾವ ಕಾಲೇಜಲ್ಲಿದ್ದಾಗಲೇ ನಾಟಕದಲ್ಲಿ ತಾತನ ಪಾರ್ಟು ಮಾಡ್ತಿರಲಿಲ್ವೇನೆ?" ಅಂದರು ಕೋಕಿಲಮ್ಮ. ನೀರಜಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮಿಸಿ ಎನ್ನಲು ಬಾಯಿ ತೆರೆದಳು, ಆದರೆ ಮುದುಕ ಮುಂದಕ್ಕೆ ಬಗ್ಗಿದ್ದ.

"ದೋಣಿಯ ಚಿತ್ರ ನೋಡಿದಿರಾ?"

"ನೋಡಿದೆ."

"ಪಾದ್ರಿಯದೂ?"

"ಸಿಕ್ಕಿದ್ದನ್ನೆಲ್ಲ ನೋಡಿದೆ. ಕೆಲವನ್ನು ನಿಲ್ಲಿಸಿ ನಿಲ್ಲಿಸಿ. ಕರ್ನಲ್ ಸೂಪಿನಲ್ಲಿ ಕನ್ನಡಕ ತೊಳೆಯುವುದನ್ನು ಎಷ್ಟು ಸಲ ನೋಡಿದೆನೋ. ಆಗ ನಗು ಬಂತು," ಅಂದಳು ಅವಳು ತಲೆ ತಗ್ಗಿಸಿ.

ಮುದುಕ ಕರವಸ್ತ್ರ ತೆಗೆದ. "ಅದು ನನ್ನದೇ ಯೋಚನೆ. ಯಾರೂ ಹೇಳಿಕೊಟ್ಟದ್ದಲ್ಲ," ಅಂದ. "ಜನ ಹೀರೋನನ್ನು ನೋಡುತ್ತಾರೆ. ನನ್ನ ಕಿವಿಯನ್ನು ನೋಡಿದವರು ನೀವೊಬ್ಬರೇ." ಮತ್ತೆ ಆ ಚಿತ್ರದ ಬಗ್ಗೆಯೇ ಕೇಳುತ್ತ ಹೋದ. ಬೆಳಕು ಸರಿಯಾಗಿತ್ತೇ, ಮೇಣದ ಅಂಚು ಕಾಣುತ್ತಿತ್ತೇ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಮಾಡಿದ ಅವಮಾನಕ್ಕೆ ಶಿಕ್ಷೆ ಸಿಗಬೇಕಾದ ಕಡೆ ಉಡುಗೊರೆ ಸಿಕ್ಕಿದಂತಾಗಿ ಅವಳ ಕಣ್ಣಲ್ಲೂ ನೀರು ಬಂತು. ಅಮ್ಮ ಮಾತ್ರ ಆ ಮಾತಿಗೆ ಸೇರಲಿಲ್ಲ. ಎದ್ದು ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದರು.

ಹರ್ಷ ಮುದುಕನನ್ನು ಕಾರಿನಲ್ಲಿ ಬಿಡಲು ಹೋದ ಮೇಲೆ ನೀರಜಾ ಕಪಾಟಿನಿಂದ ಪಾಸ್‌ಪೋರ್ಟು ತೆಗೆದು ಅಡಿಗೆಮನೆಗೆ ಬಂದಳು.

"ಸಿಕ್ತಾ?" ಅಂದರು ಕೋಕಿಲಮ್ಮ, ಪಾತ್ರೆ ಉಜ್ಜುತ್ತಲೇ.

"ಅಮ್ಮಾ, ನಿನಗೆ ಏನಾದರೂ ಆಗಿಬಿಟ್ರೆ ಅಂತ ಭಯ ಆಯ್ತು ಕಣಮ್ಮಾ."

"ಪಾರ್ವತೆವ್ವನೂ ಬರ್ತಿದಾರೆ ನಮ್ಮ ಜೊತೆ. ಬಳಗದವರು. ಮೂರು ಜನ ಹೋಗೋದು."

"ಹೇಳಲೇ ಇಲ್ಲವಲ್ಲ ನೀನು."

"ಕೇಳಿದೆಯಾ?"

"ದಿನಾ ಕೇಳ್ತಿದ್ದೆನಲ್ಲಮ್ಮಾ. ಎಲ್ಲಿಗೆ, ಯಾರ ಜೊತೆ ಅಂತ."

"ಅದು ಕೇಳೋದಲ್ಲ ಕಣೆ. ಅದು ತಪಾಸಣೆ. ಅದಕ್ಕೇ ಸನ್ಮಾನದ ವಿಷಯಾನೂ ನಿನಗೆ ಹೇಳಲಿಲ್ಲ." ಕೋಕಿಲಮ್ಮ ಕೈ ಒರೆಸಿಕೊಂಡರು. "ಅವರ ಮೂಗು ನೋಡಿದೆ, ಕಿವಿ ನೋಡಿದೆ, ಮನೆಗೆ ಹೋಗಿ ಗೋಡೆ ನೋಡಿದೆ. ನಿಮ್ಮಮ್ಮನಿಗೆ ಒಬ್ಬ ಮನುಷ್ಯ ಎಂಥವನು ಅಂತ ತಿಳ್ಕೊಳ್ಳೋಷ್ಟು ಬುದ್ಧಿ ಇರಬಹುದು ಅಂತ ಮಾತ್ರ ನಿನಗೆ ಹೊಳೀಲಿಲ್ಲ. ನೀನು ಅನುಮಾನಪಟ್ಟಿದ್ದು ಅವರನ್ನಲ್ಲ ನೀರೂ, ನನ್ನನ್ನ."

ಅಮ್ಮ ಪಾಸ್‌ಪೋರ್ಟು ತೆಗೆದುಕೊಂಡರು, ತಮ್ಮ ಕೋಣೆಗೆ ಹೋಗಿ ಸೀರೆಗಳ ಅಡಿ ಇಟ್ಟುಕೊಂಡರು.

ಜೂನ್ ತಿಂಗಳಲ್ಲಿ ಮೂವರೂ ಹೋದರು, ಸುಖವಾಗಿ ಬಂದರು. ವಿಮಾನ ನಿಲ್ದಾಣಕ್ಕೆ ಕರೆದೊಯ್ದವನೂ ಹರ್ಷ, ಕರೆತಂದವನೂ ಹರ್ಷ. ಅಮ್ಮನ ಮುಖದಲ್ಲಿ ಹೊಸ ಕಳೆ, ಸಮುದ್ರದ ಬಿಸಿಲಿಗೆ ಮೂಗು ಕಪ್ಪಗಾಗಿತ್ತು. ಮಾರನೆಯ ಸಂಜೆ ನೀರಜಾ ಆಫೀಸಿನಿಂದ ಬರುವಾಗ ಅಡಿಗೆಮನೆಯಲ್ಲಿ ಅತ್ತೆ ಅಳಿಯನ ನಗು ಬಾಗಿಲಿನವರೆಗೂ ಕೇಳುತ್ತಿತ್ತು. ಕೋಕಿಲಮ್ಮ ಆ ಚಿತ್ರಮಂದಿರದಲ್ಲಿ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು, ಡೆಸ್ಮಂಡ್ ಅವರು ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದ್ದನ್ನು, ಪಾರ್ವತೆವ್ವ ಜೋರಾಗಿ ಸಿಳ್ಳೆ ಹೊಡೆದದ್ದನ್ನು ಹೇಳುತ್ತಿದ್ದರು. ನೀರಜಾ ಒಳಗೆ ಬಂದಳು. ಮಾತು ನಿಂತಿತು.

"ಏನಮ್ಮಾ?"

"ಏನಿಲ್ಲ. ಕೈಕಾಲು ತೊಳ್ಕೊ, ಕಾಫಿ ಕೊಡ್ತೀನಿ."

ಹರ್ಷ ಏನೋ ನೆನಪಾದವನಂತೆ ಆಚೆ ಹೋದ. ನೀರಜಾ ಚೀಲ ಕೆಳಗಿಟ್ಟಳು. ಎಷ್ಟು ದಿನದಿಂದ ಅಮ್ಮನನ್ನು ಸುಮ್ಮನೆ ಒಂದು ಮಾತು ಕೇಳಿಲ್ಲ ಎಂದು ಅವಳಿಗೆ ನೆನಪಿಗೆ ಬರಲಿಲ್ಲ. ಹತ್ತಿರ ಬಂದು ಅಮ್ಮನ ತೋಳು ಹಿಡಿದಳು.

"ಖುಷಿಯಾಯ್ತಾ ಅಮ್ಮಾ ನಿನಗೆ ಅಲ್ಲಿ?"

ಕೋಕಿಲಮ್ಮ ಕಾಫಿ ಲೋಟ ಹಿಡಿದವರು ಹಾಗೇ ನಿಂತು ಮಗಳ ಮುಖವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ಯಾಕೆ ಕೇಳ್ತಿದೀಯ?" ಅಂದರು.